ಗಂಗಾ ಹಾಕಿದ ನಾಲ್ಕು ಹೊಲಿಗೆ

ನಿಪ್ಪಾಣಿಯ ಹಳೇ ಪಿ.ಬಿ. ರಸ್ತೆಯಲ್ಲಿ ಅಂಗಡಿ ಇಟ್ಟ ಗಂಡಸರ ಪೈಕಿ ಗಂಗಾಳ ಕೈಯ ಏಟು ತಿನ್ನದವರು ನಾಲ್ಕು ಜನ ಸಿಕ್ಕರೆ ಹೆಚ್ಚು. ಹದಿನಾಲ್ಕು ವರ್ಷ ಆ ನಾಲ್ವರಲ್ಲಿ ನಾನೂ ಒಬ್ಬನಾಗಿದ್ದೆ, ಹೋದ ಚಳಿಗಾಲದವರೆಗೆ. ಅವಳದು ಕಾರಿನ ಸೀಟುಗಳಿಗೆ ರೆಕ್ಸಿನ್ ಕವರ್ ಹೊಲಿಯುವ ಕುಶನ್ ಅಂಗಡಿ, ನನ್ನದು ಪಕ್ಕದ ಝೆರಾಕ್ಸ್ ಅಂಗಡಿ. ನಡುವೆ ಒಂದು ತಗಡು. ನನ್ನ ಹೆಸರು ಭಾವುಸಾಹೇಬ. ಹೆಸರಿನಲ್ಲಿ ಮಾತ್ರ ಸಾಹೇಬ ಇದ್ದಾನೆ, ಮೈಯಲ್ಲಿ ಇಲ್ಲ.

ಗಂಗಾ ಏಟು ತಿಂದೇ ಬೆಳೆದವಳು. ಅವಳ ತಾಯಿ ರಾಮವ್ವ ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಮಗಳು ಕಟ್ಟಿದ ಬೀಡಿ ಸಡಿಲವಾದರೆ ಎಲೆ ಕತ್ತರಿಸುವ ಕತ್ತರಿಯ ಹಿಡಿಯಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಯ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವಂತೆ. ರಾಮವ್ವನದೂ ಪಾಪ, ಬೇರೆ ದಾರಿ ಇರಲಿಲ್ಲ. ಸಡಿಲ ಬೀಡಿಯನ್ನು ಕಾರ್ಖಾನೆಯವರು ಅವಳ ಮುಖಕ್ಕೆ ಎಸೆದು ಕಳಿಸುತ್ತಿದ್ದರು. ಹೀಗೆ ಮೇಲಿನವರಿಂದ ಕೆಳಗಿನವರಿಗೆ ಹರಿದು ಬಂದ ಸಿಟ್ಟು ಗಂಗಾಳ ಕೈಯಲ್ಲಿ ನಿಂತಿತು. ಜೊತೆಗೆ ಆ ಕೈಗೆ ಒಂದು ಗುಣವೂ ಬಂತು. ಅದು ಏನನ್ನೂ ಸಡಿಲ ಬಿಡುತ್ತಿರಲಿಲ್ಲ.

ಹದಿನೇಳಕ್ಕೆ ಮದುವೆಯಾಯಿತು. ಗಂಡ ನಾಮದೇವ ಕುಶನ್ ಕೆಲಸದವನು, ಒಳ್ಳೆಯ ಕೆಲಸಗಾರ, ಕೆಟ್ಟ ಗಂಡ. ಒಂಬತ್ತು ವರ್ಷ ಹೊಡೆದ. ಹತ್ತನೆಯ ವರ್ಷದ ಒಂದು ಮಧ್ಯಾಹ್ನ, ಅಂಗಡಿಯಲ್ಲೇ, ಅವಳ ಜಡೆ ಹಿಡಿದು ಮುಖವನ್ನು ಹೊಲಿಗೆ ಯಂತ್ರದ ಮೇಲೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಅವಳು ಕುರುಡುಗೈಯಲ್ಲಿ ತಡಕಾಡಿ, ಸೀಟಿಗೆ ಮೊಳೆ ಬಡಿಯುವ ಮರದ ಕೊಡತಿ ಎತ್ತಿಕೊಂಡು ಅವನ ಮುಂಗೈಗೆ ಬೀಸಿದಳು. ಎಲುಬು ಮುರಿದ ಸದ್ದನ್ನು ನಾನು ತಗಡಿನ ಈಚೆಯಿಂದ ಕೇಳಿದೆ. ಅದು ನನ್ನ ಅಂಗಡಿಯ ಮೊದಲ ವಾರ. ನಾಮದೇವ ಕೈಗೆ ಕಟ್ಟು ಹಾಕಿಸಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಗಂಗಾ ಹುಬ್ಬಿಗೆ ಅರಿಶಿನ ಮೆತ್ತಿಕೊಂಡು ಅರ್ಧಕ್ಕೆ ನಿಂತಿದ್ದ ಜೀಪಿನ ಕವರ್ ಅವತ್ತೇ ಹೊಲಿದು ಮುಗಿಸಿದಳು.

ಆಮೇಲೆ ಅವಳು ಯಾರನ್ನು ಯಾಕೆ ಹೊಡೆದಳು ಎಂದು ಬರೆಯುತ್ತ ಕೂತರೆ ಹಾಳೆ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ಚಿಕ್ಕೋಡಿಯ ಒಬ್ಬ ಗುತ್ತಿಗೆದಾರ ಹೊಸ ಕಾರು ತಂದಿದ್ದ. ನಾಲ್ಕು ವರ್ಷದ ಮಗಳನ್ನು ಛಾವಣಿಯ ಕಿಟಕಿಯಿಂದ ಮೇಲಕ್ಕೆ ನಿಲ್ಲಿಸಿಕೊಂಡು ಹೊರಡುತ್ತಿದ್ದ. ಗಂಗಾ ಕತ್ತರಿ ಹಿಡಿದುಕೊಂಡೇ ಗಾಡಿಗೆ ಅಡ್ಡ ನಿಂತು, ಅವನನ್ನು ಇಳಿಸಿ, ಹೆಂಡತಿಯ ಎದುರಿಗೇ ಕಪಾಳಕ್ಕೆ ಬಿಟ್ಟಳು. "ಹಡದವಂಗೇ ಬ್ಯಾಡಾದ ಕೂಸು ರಸ್ತಾಕ್ಕ ಬೇಕಾಗಿರ್ತೈತಿ, ತಿಳೀತಿಲ್ಲೋ?" ಅಂದಳು. ಗುತ್ತಿಗೆದಾರ ಪೊಲೀಸರಿಗೆ ಹೋಗುತ್ತೇನೆಂದು ಕೂಗಾಡಿದ. ಮುಂದಿನ ತಿಂಗಳು ಎರಡನೆಯ ಗಾಡಿಯ ಕವರನ್ನೂ ಅವಳ ಹತ್ತಿರವೇ ಹೊಲಿಸಿದ. ಹೊಡೆದರೂ ಅವಳ ಕೆಲಸ ಗಟ್ಟಿ ಎಂಬುದು ಊರಿಗೆ ಗೊತ್ತಿತ್ತು.

ಕಾಗವಾಡ ಕಡೆಯ ಐನಾಪುರದ ಶ್ರೇಣಿಕ ಬಂದದ್ದು ಎರಡು ವರ್ಷದ ಹಿಂದೆ. ಕಬ್ಬು ಬೆಳೆಯುವ ಜೈನರ ಮನೆತನ. ತಂದೆ ರಾವಸಾಹೇಬ, ತಾಯಿ ಸೋನಾಬಾಯಿ, ಹೆಂಡತಿ ಸ್ನೇಹಲ, ಒಬ್ಬಳೇ ಮಗಳು ಸಮೃದ್ಧಿ. ಆಗ ಮಗುವಿಗೆ ಎರಡೂವರೆ ವರ್ಷ. ಶ್ರೇಣಿಕ ಪುಣೆಯ ಗೆಳೆಯನ ಮಾತು ಕೇಳಿ ಮಕ್ಕಳನ್ನು ಕೂರಿಸುವ ಸೀಟು ತರಿಸಿದ್ದ. ಕಾರಿನ ಹಿಂದಿನ ಸೀಟಿನ ಮೇಲೆ, ಮುಂದಕ್ಕೆ ಮುಖ ಮಾಡಿ ಕೂರಿಸುವಂಥದು. ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿಯಂತಿತ್ತು. ಅದಕ್ಕೆ ಎಲ್ಲೆಲ್ಲೂ ಪಟ್ಟಿಗಳು. ಅದನ್ನು ಕಾರಿಗೆ ಬಿಗಿಯುವುದು ಹೇಗೆಂದು ಯಾರಿಗೂ ತಿಳಿಯದೆ, ಸೀಟಿನ ವಿಷಯ ಸೀಟಿನವಳಿಗೇ ಗೊತ್ತಿರಬೇಕೆಂದು ಗಂಗಾಳ ಹತ್ತಿರ ತಂದಿದ್ದರು. ಆ ಕಾರಿನ ಕವರೂ ಅವಳೇ ಹೊಲಿದದ್ದು.

ಜೊತೆಗೊಂದು ಪುಸ್ತಕ ಇತ್ತು, ಇಂಗ್ಲಿಷಿನದು. ಗಂಗಾ ಅದನ್ನು ತಗಡಿನ ಮೇಲಿಂದ ನನ್ನತ್ತ ಚಾಚಿದಳು.

"ಭಾವೂ, ಇದನ್ನಷ್ಟು ಓದಿ ಹೇಳು. ಒಂದೂ ಬಿಡಬ್ಯಾಡ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಇದ್ದದ್ದೇ ಆ ಒಕ್ಕಾಲು, ಅವತ್ತು ಅದನ್ನೂ ಪೂರ್ತಿ ಮಾಡಲಿಲ್ಲ. ಕಾರಿನ ಬೆಲ್ಟನ್ನು ಸೀಟಿನ ಯಾವ ಕಿಂಡಿಯಿಂದ ಎಳೆಯಬೇಕು, ಮಗುವಿನ ಪಟ್ಟಿ ಹೆಗಲ ಎತ್ತರಕ್ಕೆ ಹೇಗೆ ಬರಬೇಕು, ಎಲ್ಲ ಓದಿದೆ. ಹನ್ನೊಂದನೆಯ ಪುಟದ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಆಧಾರ್ ಕಾರ್ಡಿನ ನಕಲು ತೆಗೆಸುವವರು ಆರು ಜನ ನಿಂತಿದ್ದರು. ಆ ಪುಟದಲ್ಲಿ ಎರಡು ಚಿತ್ರ ಇದ್ದವು. ಒಂದರಲ್ಲಿ ಸೀಟಿನ ತಲೆಯ ಹಿಂದಿನಿಂದ ಒಂದು ಪಟ್ಟಿ ಹೋಗಿ ಕಾರಿನ ಸೀಟಿನ ಬೆನ್ನಿಗಿದ್ದ ಕೊಂಡಿಗೆ ಸಿಕ್ಕಿತ್ತು. ಇನ್ನೊಂದರಲ್ಲಿ ಸೀಟಿನ ಕೆಳಗೆ ಇಟ್ಟ ದಿಂಬಿನ ಮೇಲೆ ಕೆಂಪು ಗೀಟು ಎಳೆದಿತ್ತು. ಕೆಳಗೆ ಸಣ್ಣಕ್ಷರದ ಅರ್ಧ ಪುಟ. ನಾನು ಅದನ್ನು ಮಗುಚಿ, "ಇಷ್ಟ ನೋಡ ಗಂಗಕ್ಕ, ಉಳಿದದ್ದು ಗ್ಯಾರಂಟಿ ವಿಚಾರ" ಅಂದೆ.

"ಹಿಂದ ಒಂದು ಪಟ್ಟಿ ಜೋತಾಡಾಕತ್ತೈತಲ್ಲ?"

"ಅದು ನಮ್ಮ ಗಾಡಿಗೆ ಅಲ್ಲ, ಬ್ಯಾರೆ ದೇಶದ ಗಾಡಿಗೆ."

ಎಷ್ಟು ಸಲೀಸಾಗಿ ಅಂದೆ! ಆ ಕೊಂಡಿ ನಮ್ಮ ಗಾಡಿಗಳಿಗೂ ಇದೆ, ಅವಳು ಹೊಲಿದ ದಪ್ಪ ಕವರಿನ ಕೆಳಗೆ ಮುಚ್ಚಿಹೋಗಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ, ಅವಳಿಗೂ. ಜೋತಾಡುವ ಪಟ್ಟಿಯನ್ನು ಕಂಡರೆ ಅವಳಿಗೆ ಆಗದು. ಅದನ್ನು ನೀಟಾಗಿ ಮಡಚಿ, ದಬ್ಬಣದಲ್ಲಿ ನಾಲ್ಕು ಹೊಲಿಗೆ ಹಾಕಿ ಸೀಟಿನ ಬೆನ್ನಿಗೇ ಕೂರಿಸಿಬಿಟ್ಟಳು. ಸೋನಾಬಾಯಿ ಪ್ಲಾಸ್ಟಿಕ್ಕನ್ನು ಮುಟ್ಟಿ ನೋಡಿ, "ಗಂಗಾ, ಕೂಸಿಗೆ ಗಡಸ ಆಗ್ತೈತಲ್ಲ ಬೇ?" ಅಂದರು. ಕುಶನ್ ಕೆಲಸದವರ ಹತ್ತಿರ ಆ ಮಾತು ಆಡಿದರೆ ಮುಗಿಯಿತು. ಮೆತ್ತಗೆ ಕೂರಿಸುವುದೇ ಅವರ ಬಾಳು. ಗಂಗಾ ಎರಡು ಇಂಚಿನ ಫೋಮು ಕತ್ತರಿಸಿ ಸೀಟಿನ ಕೆಳಗೊಂದು, ಬೆನ್ನಿಗೊಂದು ಇಟ್ಟಳು. ಮೇಲೆ ಮೊಣಕಾಲೂರಿ ಕೂತು ಬೆಲ್ಟನ್ನು ಹಲ್ಲು ಕಚ್ಚಿ ಎಳೆದಳು. ಕಲ್ಲಿನಂತೆ ಕೂತಿತು. ನಾನೇ ಅಲ್ಲಾಡಿಸಿ ನೋಡಿ ಮೆಚ್ಚಿದೆ.

ಅದರಿಂದ ಅವಳಿಗೆ ಹೆಸರು ಬಂತು. ಅಥಣಿ, ರಾಯಬಾಗ, ಚಿಕ್ಕೋಡಿಯವರೆಲ್ಲ ಸೀಟು ತರಿಸಿದರೆ ಗಂಗಾನ ಹತ್ತಿರವೇ ಬಂದರು. ಶ್ರೇಣಿಕನದನ್ನು ಬಿಟ್ಟು ಹನ್ನೊಂದು ಸೀಟು ಹಾಕಿದಳು. ಎಲ್ಲದಕ್ಕೂ ಅದೇ ಫೋಮು, ಅದೇ ನಾಲ್ಕು ಹೊಲಿಗೆ. ಪುಸ್ತಕ ಮತ್ತೆ ಓದುವ ಪ್ರಸಂಗ ಬರಲಿಲ್ಲ.

ಹೋದ ಚಳಿಗಾಲ, ಕಬ್ಬಿನ ಹಂಗಾಮಿನ ಒಂದು ಬೆಳಿಗ್ಗೆ, ಶ್ರೇಣಿಕನ ಕಾರು ಚಿಕ್ಕೋಡಿ ದಾಟಿ ನಿಪ್ಪಾಣಿಯ ಕಡೆ ಬರುತ್ತಿತ್ತು. ಹೊಲದ ದಾರಿಯಿಂದ ಎರಡು ಟ್ರೇಲರ್ ಡಬ್ಬಿ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್ ನೋಡದೆ ರಸ್ತೆಗೆ ಏರಿತು. ಶ್ರೇಣಿಕ ಬ್ರೇಕ್ ತುಳಿದರೂ ಕಾರು ಹಿಂದಿನ ಡಬ್ಬಿಯ ಮೂಲೆಗೆ ನುಗ್ಗಿತು. ಬಾನೆಟ್ ಮಡಚಿತು. ಗಾಜು ಸಿಡಿದು ಕಬ್ಬಿನ ಗಳಗಳು ಒಳಗೆ ತೂರಿ ಬಂದವು. ಸ್ಟೇರಿಂಗು ಶ್ರೇಣಿಕನ ಎದೆಗೆ ಗುದ್ದಿತು. ಹಿಂದೆ ಬೆಲ್ಟಿಲ್ಲದೆ ಕೂತಿದ್ದ ಸೋನಾಬಾಯಿ ಮುಂದಿನ ಸೀಟಿಗೆ ಬಡಿದು ಹೆಗಲ ಎಲುಬು ಮುರಿದುಕೊಂಡರು. ಮಗುವಿನ ಸೀಟಿನ ಕೆಳಗಿನ ಫೋಮು ಆ ಹೊಡೆತಕ್ಕೆ ಹಪ್ಪಳವಾಗಿ, ಬಿಗಿದಿದ್ದ ಬೆಲ್ಟು ಸಡಿಲಾಯಿತು. ಮೇಲೆ ಹಿಡಿಯುವ ಪಟ್ಟಿ ಇಲ್ಲ. ಇಡೀ ಸೀಟು ಮಗುವಿನ ಸಮೇತ ಮುಂದಕ್ಕೆ ಮುಗ್ಗರಿಸಿತು. ಸಮೃದ್ಧಿಯ ಮುಖ ಮುಂದಿನ ಸೀಟಿನ ಬೆನ್ನಿಗೆ ಅಪ್ಪಳಿಸಿ ದವಡೆ ಎರಡು ಕಡೆ ಮುರಿಯಿತು. ನಾಲ್ಕು ಹಲ್ಲು ಹೋದವು. ಅವಳದೇ ಹಲ್ಲಿಗೆ ಸಿಕ್ಕಿ ನಾಲಿಗೆ ಸೀಳಿತು.

ಮಿರಜದಲ್ಲಿ ವೈದ್ಯರು ದವಡೆಗೆ ತಂತಿ ಕಟ್ಟಿದರು. ಸೀಟೇ ಇರದಿದ್ದರೆ ಮಗು ಗಾಜಿನಿಂದ ಹೊರಗೆ ಹೋಗುತ್ತಿತ್ತು, ಆದರೆ ಸೀಟು ಸರಿಯಾಗಿ ಕೂತಿದ್ದರೆ ಮುಖಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದರಂತೆ. ಮಾತಿನ ಮೊದಲರ್ಧವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ರಾವಸಾಹೇಬರು ಬಂದರು. ನೀರನ್ನು ಸೋಸಿ ಕುಡಿಯುವ, ಸೂರ್ಯ ಮುಳುಗಿದ ಮೇಲೆ ತುತ್ತು ಮುಟ್ಟದ, ಇರುವೆ ಸಾಲು ಕಂಡರೆ ಕಾಲು ಎತ್ತಿ ದಾಟುವ ಮನುಷ್ಯ. ಅವರು ಗಂಗಾಳ ಅಂಗಡಿಗೆ ನುಗ್ಗಿ, ಬಟ್ಟೆ ಅಳೆಯುವ ಕಬ್ಬಿಣದ ಗಜ ಎತ್ತಿ ಅವಳ ಮುಖಕ್ಕೆ ಬಾರಿಸಿದರು. ಎಡಗಣ್ಣಿನ ಕೆಳಗೆ ಚರ್ಮ ಬಾಯಿ ಬಿಟ್ಟಿತು. ಎರಡನೆಯದು ಹೆಗಲಿಗೆ, ಮೂರನೆಯದು ತಡೆಯಲು ಎತ್ತಿದ ಕೈಗೆ.

"ನನ್ನ ಮೊಮ್ಮಗಳ ಬಾಯಿಗೆ ತಂತಿ ಹಾಕ್ಯಾರ! ನೀರು ನಳಗಿಯಿಂದ ಕುಡೀತಾಳ! ನಿನ್ನ ಕೈ ಮುರೀತೀನಿ ಇವತ್ತ!" ಎಂದು ಅವರು ಅಳುತ್ತ ಹೊಡೆದರು. ನಿಜವಾಗಿ ಅಳುತ್ತಿದ್ದರು, ಕಣ್ಣೀರು ಮೀಸೆಗೆ ಇಳಿದಿತ್ತು. ಜೊತೆಗೆ ಬಂದಿದ್ದ ಇಬ್ಬರು ಹೊಲಿಗೆ ಯಂತ್ರವನ್ನು ಎತ್ತಿ ರಸ್ತೆಗೆ ಒಗೆದರು. ಗಾಲಿ ಕಳಚಿ ಉರುಳಿತು.

ಗಂಗಾ ಮನಸ್ಸು ಮಾಡಿದ್ದರೆ ಆ ಅರವತ್ತರ ಮುದುಕರನ್ನು ಒಂದೇ ಕೈಯಲ್ಲಿ ಕೆಡವುತ್ತಿದ್ದಳು. ಕೊಡತಿ ಕಾಲ ಬಳಿಯೇ ಬಿದ್ದಿತ್ತು. ಅವಳು ಅದನ್ನು ನೋಡಲೂ ಇಲ್ಲ. ಏಟು ಬಿದ್ದಷ್ಟೂ ನಿಂತು ತಿಂದಳು. ನಾನೇನು ಮಾಡಿದೆ? ನನ್ನ ಅಂಗಡಿಯ ಶಟರು ಅರ್ಧ ಎಳೆದುಕೊಂಡು, ಝೆರಾಕ್ಸ್ ಯಂತ್ರದ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಹನ್ನೊಂದನೆಯ ಪುಟ ಕಣ್ಣ ಮುಂದೆ ಬಂತು. ಗೊತ್ತಾಯಿತು. ಆ ಕ್ಷಣಕ್ಕೇ ಎಲ್ಲ ಗೊತ್ತಾಯಿತು. ಆ ಏಟು ನನ್ನವು.

ಅವರು ಹೋದ ಮೇಲೆ ನೀರು ತೆಗೆದುಕೊಂಡು ಹೋದೆ. ಗಂಗಾ ಕೆನ್ನೆಯನ್ನು ಫೋಮಿನ ತುಂಡಿನಿಂದ ಒತ್ತಿಕೊಂಡಿದ್ದಳು. ಅದು ಆಗಲೇ ಕೆಂಪಾಗಿತ್ತು.

"ಗಾಡಿ ಎಲ್ಲೈತಿ?" ಅಂದಳು.

"ಚಿಕ್ಕೋಡ್ಯಾಗ, ಭೀಮಗೊಂಡನ ಗ್ಯಾರೇಜದಾಗ. ಯಾಕ?"

"ಹನ್ನೊಂದು ಕೂಸು ಇನ್ನ ಹಂಗ ತಿರಗಾಕತ್ತಾವೋ ಭಾವೂ. ನನ್ನ ಕೈ ಎಲ್ಲಿ ತಪ್ಪೈತಿ ಅಂತ ನೋಡಬೇಕು. ಸ್ಕೂಟರ್ ತಗಿ."

ತನ್ನ ಮುಖದ ಬಗ್ಗೆ, ಯಂತ್ರದ ಬಗ್ಗೆ ಒಂದು ಮಾತಿಲ್ಲ. ಹನ್ನೊಂದು ಮಕ್ಕಳು. ದಾರಿಯುದ್ದಕ್ಕೂ ಅವಳ ರಕ್ತ ನನ್ನ ಅಂಗಿಯ ಬೆನ್ನಿಗೆ ಹತ್ತುತ್ತಿತ್ತು. ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಆ ಕಬ್ಬಿಣದ ಗಜ ನೆನಪಾಯಿತು.

ಕಾರಿನ ಮೂತಿ ಇರಲಿಲ್ಲ. ಒಳಗೆ ಕಬ್ಬಿನ ಒಣಗರಿಯ ರವದಿ, ಗಾಜಿನ ಪುಡಿ, ಒಣಗಿ ಕಪ್ಪಾದ ರಕ್ತ. ಮುಂದಿನ ಸೀಟಿನ ಬೆನ್ನಿಗೆ ಮಗುವಿನ ಹಲ್ಲಿನ ಗುರುತು ಕೊರೆದಂತೆ ಮೂಡಿತ್ತು. ಗಂಗಾ ಅದರ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಮಗುವಿನ ಸೀಟನ್ನು ಎಳೆದಾಡಿದಳು. ಅದು ಹಿಂದಕ್ಕೂ ಮುಂದಕ್ಕೂ ಗೋಣು ಆಡಿಸಿತು. ಬೆನ್ನು ತಿರುಗಿಸಿ ನೋಡಿದರೆ ಅವಳ ನಾಲ್ಕು ಹೊಲಿಗೆ ಒಂದು ಎಳೆಯೂ ಬಿಡದೆ ಹಾಗೇ ಇದ್ದವು.

"ಭಾವೂ, ಈ ಪಟ್ಟಿ ವಿಚಾರ ಪುಸ್ತಕದಾಗ ಏನರ ಇತ್ತೇನು?"

"ಇಲ್ಲ" ಅಂದೆ.

"ಖರೇನ?"

"ಇಲ್ಲಂದ್ರ ಇಲ್ಲ."

ನಾನು ಜೀವನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅದರಷ್ಟು ಹೊಲಸು ಸುಳ್ಳು ಮತ್ತೊಂದಿಲ್ಲ. ಅವಳು ನಂಬಿದಳು. ಬೆಲ್ಟನ್ನು ತಾನೇ ಕಡಿಮೆ ಎಳೆದಿರಬೇಕೆಂದು ತೀರ್ಮಾನಿಸಿ, ಹನ್ನೊಂದು ಮನೆಗೂ ಫೋನು ಮಾಡಿದಳು. ಗಾಡಿ ತನ್ನಿ, ಬೆಲ್ಟು ಇನ್ನೊಮ್ಮೆ ಬಿಗಿಯಬೇಕು ಎಂದಳು.

ಮರುದಿನ ಬೆಳಿಗ್ಗೆ ಮೊದಲು ಬಂದವನು ಪಾಲಬಾವಿಯ ಮಾಳಸಿದ್ದ. ಕುರಿ ಸಾಕುವ ಮನೆತನ. ಹೋದ ವರ್ಷ ಹಳೇ ಕಾರೊಂದು ತಗೊಂಡಿದ್ದ. ಮೂರು ವರ್ಷದ ಮಗಳು ಸುಂದ್ರವ್ವ ಸೀಟಿನಲ್ಲಿ ಕೂತಿದ್ದಳು. ಅಜ್ಜಿಯ ಹೆಸರಿಟ್ಟಿದ್ದರು. ಮನೆಯ ಕರಿ ಕಂಬಳಿಯನ್ನು ಮಡಚಿ ಮಗುವಿನ ಬೆನ್ನಿಗೆ ಹಾಸಿ, ಅದರ ಮೇಲೆ ಪಟ್ಟಿ ಹಾಕಿದ್ದ. ಗಂಗಾ ಕಂಬಳಿ ಕಿತ್ತು ಅವನ ಎದೆಗೆ ಒಗೆದಳು.

"ಕಂಬಳಿ ಕೂಸಿನ ಕಾಲ ಮ್ಯಾಲೆ ಹೊಚ್ಚು. ಮೈಗೂ ಪಟ್ಟಿಗೂ ನಡು ಏನೂ ಇರಬಾರದು. ಪಟ್ಟಿ ಚೂಟಿದ್ರ ಬೆರಳಿಗೆ ಸಿಗಬಾರದು, ಅಷ್ಟು ಬಿಗಿ ಬೇಕು."

ಆಮೇಲೆ ಮೊಣಕಾಲೂರಿ, ಊದಿದ ಕಣ್ಣು ಮುಚ್ಚಿಕೊಂಡು, ಬೆಲ್ಟು ಎಳೆದಳು. ಫೋಮು ಹಾಗೇ ಇತ್ತು, ನಾಲ್ಕು ಹೊಲಿಗೆ ಹಾಗೇ ಇದ್ದವು. "ಈಗ ಹೋಗ್ರಿ. ಎಲ್ಲಿಗೆ?"

"ಸಾತಾರಾಕ್ಕರಿ, ಹೆಂಡತಿ ತವರಮನಿಗೆ."

ಸಾತಾರಾ. ಹೆದ್ದಾರಿಯಲ್ಲಿ ನೂರೈವತ್ತು ಕಿಲೋಮೀಟರಿಗೂ ಮೇಲೆ. ಮಾಳಸಿದ್ದ ಗಾಡಿ ಚಾಲು ಮಾಡಿದ. ಸುಂದ್ರವ್ವ ಕಿಟಕಿಯಿಂದ ನನ್ನತ್ತ ನೋಡಿ ಹಲ್ಲು ಬಿಟ್ಟು ನಕ್ಕಳು. ಪುಟ್ಟ ಹಲ್ಲು, ಎಲ್ಲ ಇದ್ದವು. ಯಾವಾಗ ರಸ್ತೆಗೆ ಹಾರಿ ಗಾಡಿಯ ಬಾನೆಟ್ಟಿಗೆ ಎರಡೂ ಕೈಯಿಂದ ಬಡಿದೆನೋ ನನಗೇ ತಿಳಿಯದು.

"ನಿಲ್ಸಲೇ! ನಿಲ್ಸು! ಗಂಗಕ್ಕ, ಆ ಹೊಲಿಗಿ ಬಿಚ್ಚು! ಆ ಪಟ್ಟಿ ಬೇಕು! ಪುಸ್ತಕದಾಗ ಇತ್ತು, ನಾ ಓದಲಿಲ್ಲ!"

ಗಂಗಾ ನನ್ನನ್ನು ನೋಡಿದಳು. ಮಾಳಸಿದ್ದನ ಕಾರಿನ ಮುಂದಿನ ಖಾನೆಯಿಂದ ಅವನದೇ ಪುಸ್ತಕ ತೆಗೆದು ನನ್ನ ಮುಖಕ್ಕೆ ಹಿಡಿದಳು. ಸೀಟು ಬೇರೆ, ಪುಟದ ಸಂಖ್ಯೆ ಬೇರೆ, ಚಿತ್ರ ಅವೇ ಎರಡು. ಓದಿದೆ. ಮೇಲಿನ ಪಟ್ಟಿಯನ್ನು ಹಿಂದಿನ ಕೊಂಡಿಗೆ ತಪ್ಪದೆ ಸಿಗಿಸಬೇಕು. ಸೀಟಿನ ಕೆಳಗೆ ದಿಂಬು, ಗಾದಿ, ಏನೂ ಇಡಬಾರದು. ಸೀಟನ್ನು ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಅವಳು ಮಗುವನ್ನು ಇಳಿಸಿ, ಫೋಮು ಎಳೆದು ಚರಂಡಿಗೆ ಒಗೆದಳು. ಬ್ಲೇಡಿನಿಂದ ತನ್ನ ಹೊಲಿಗೆಯನ್ನು ಕೊಯ್ದಳು. ಕಾರಿನ ಹಿಂದಿನ ಸೀಟಿನ ಬೆನ್ನನ್ನು ತಡವಿ, ಗಂಟು ಸಿಕ್ಕಿದ ಕಡೆ ತಾನೇ ಹೊಲಿದ ಕವರನ್ನು ಪರ್ರೆಂದು ಸೀಳಿದಳು. ಕೆಳಗೆ ಕೊಂಡಿ ಹೊಳೆಯಿತು. ಪಟ್ಟಿ ಸಿಗಿಸಿ, ಎಳೆದು, ಅಲ್ಲಾಡಿಸಿ, ಮತ್ತೆ ಎಳೆದು, ಮಗುವನ್ನು ಕೂರಿಸಿ ಕಳಿಸಿದಳು.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನತ್ತ ತಿರುಗಿದಳು. ಮೊದಲ ಏಟಿಗೆ ಚಷ್ಮಾ ಹಾರಿತು. ಎರಡನೆಯದಕ್ಕೆ ತುಟಿ ಒಡೆಯಿತು. ಮೂರನೆಯದು ಮುಷ್ಟಿ, ಅದಕ್ಕೆ ನಾನು ನನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದೆ. ಕುತ್ತಿಗೆಯ ಅಂಗಿ ಹಿಡಿದು ಎತ್ತಿದಳು.

"ಮೊದಲ ಓದಲಿಲ್ಲ, ಅದು ತಪ್ಪು. ಎಲ್ಲಾರೂ ಮಾಡ್ತಾರ. ನಿನ್ನೆ ಚಿಕ್ಕೋಡ್ಯಾಗ ಇಲ್ಲ ಅಂದ್ಯಲ್ಲ, ಅದು ತಪ್ಪಲ್ಲೋ ಭಾಡ್ಯಾ, ಅದು ಕೊಲಿ! ಹತ್ತು ಮನಿ ಉಳದಾವು. ಶಟರ್ ಎಳಿ."

ಆರು ದಿನ ತಿರುಗಿದೆವು. ರಾಯಬಾಗ, ಕಾಗವಾಡ, ಅಥಣಿ, ನಡುವಿನ ಹಳ್ಳಿಗಳು. ಪ್ರತಿ ಮನೆಯಲ್ಲೂ ಅದೇ ಕ್ರಮ: ಅವಳು ಕವರು ಸೀಳುವುದು, ಫೋಮು ಕೀಳುವುದು, ಪಟ್ಟಿ ಸಿಗಿಸುವುದು; ನಾನು ಒಡೆದ ತುಟಿಯಲ್ಲಿ ಆ ಪುಟ ಓದುವುದು. ಓದುವ ಮೊದಲು "ಇದನ್ನ ನಾ ಹೇಳಲಿಲ್ಲ, ನಂದು ತಪ್ಪು" ಅನ್ನಬೇಕು. ಅನ್ನದಿದ್ದರೆ ಬೆನ್ನಿಗೆ ಅವಳ ಗೆಣ್ಣು ಬೀಳುತ್ತಿತ್ತು.

ಅಥಣಿಯ ಭರಮು ಎಂಬವನು ಮಾತ್ರ ಒಪ್ಪಲಿಲ್ಲ. ಕವರು ಹೊಲಿಸಿ ತಿಂಗಳಾಗಿರಲಿಲ್ಲ. ಕಂದು ಬಣ್ಣ, ವಜ್ರದ ಹೊಲಿಗೆ, ಗಂಗಾಳ ಕೈಯಲ್ಲಿ ಬಂದ ಅತಿ ಚಂದದ ಕೆಲಸ. "ನನ್ನ ಸೀಟಿಗೆ ಬ್ಲೇಡ್ ಹಚ್ಚಿದ್ರ ನೋಡು!" ಎಂದು ಅವಳ ಜಡೆ ಹಿಡಿದು ಕಾರಿನಿಂದ ಹೊರಗೆ ಎಳೆದ. ಅವಳು ಒಂದು ಕೈಯಲ್ಲಿ ಬಾಗಿಲಿನ ಕಂಬ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕುರುಡಾಗಿ ಸೀಳುತ್ತಲೇ ಇದ್ದಳು. ಅವನು ಬೆನ್ನಿಗೆ ಒದ್ದ. ನಾನು ಅವನ ಮೇಲೆ ಬಿದ್ದೆ. ಜೀವನದಲ್ಲಿ ಮೊದಲ ಸಲ ಒಬ್ಬನ ಕಿವಿ ಕಚ್ಚಿದೆ. ಕೊನೆಗೆ ಅವನ ಹೆಂಡತಿಯೇ ಒನಕೆ ಹಿಡಿದು ಬಂದು ಗಂಡನನ್ನು ಬದಿಗೆ ತಳ್ಳಿ, "ಅಕ್ಕಾರ, ನೀವು ಹರೀರಿ" ಅಂದಳು. ಗಂಗಾ ಹರಿದಳು. ಕಿತ್ತ ಕೂದಲ ಗೊಂಚಲು ಅಂಗಳದಲ್ಲಿ ಬಿದ್ದಿತ್ತು.

ಹನ್ನೊಂದು ಮುಗಿದವು. ಹನ್ನೆರಡನೆಯದು ಐನಾಪುರ. ಅಲ್ಲಿಗೆ ಹೋಗುವುದು ಬೇಡವೆಂದು ನಾನು ಕಾಲು ಹಿಡಿದೆ. "ಅಲ್ಲೇ ಹೋಗೂದು ಮೊದಲ ಇತ್ತು" ಅಂದಳು.

ಮನೆಯ ಅಂಗಳದಲ್ಲಿ ರಾವಸಾಹೇಬರ ಅಳಿಯನ ಕಾರು ನಿಂತಿತ್ತು. ಮಗುವಿನ ದವಡೆ ತೋರಿಸಲು ಮಿರಜಕ್ಕೆ ಹೊರಟಿದ್ದರು. ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದೆಂದು ವೈದ್ಯರು ಹೇಳಿದ್ದರಿಂದ ಹೊಸದು ತರಿಸಿದ್ದರು. ಅದು ಪೆಟ್ಟಿಗೆಯಲ್ಲೇ ಇತ್ತು. ಯಾರಿಗೂ ಅದನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ. ಕಟ್ಟೆಯ ಮೇಲೆ ಸ್ನೇಹಲಳ ತೊಡೆಯಲ್ಲಿ ಸಮೃದ್ಧಿ ಕೂತಿದ್ದಳು. ಮುಖ ಊದಿ ಯಾರದೋ ಮುಖವಾಗಿತ್ತು. ಬಾಯಿ ಮುಚ್ಚಿದಂತೆಯೇ ಇತ್ತು, ತುಟಿಯ ನಡುವೆ ತಂತಿ ಕಾಣುತ್ತಿತ್ತು.

ಗಂಗಾ ನನ್ನನ್ನು ಮುಂದೆ ತಳ್ಳಿದಳು. ನಾನು ಹೇಳಿದೆ. ಪುಟ ಬಿಟ್ಟದ್ದು, ಆಧಾರ್ ಕಾರ್ಡಿನ ಸಾಲು, ಬೇರೆ ದೇಶದ ಗಾಡಿ, ಚಿಕ್ಕೋಡಿಯ ಸುಳ್ಳು, ಎಲ್ಲ. ಶ್ರೇಣಿಕ ಎದೆಯ ಪಟ್ಟಿ ಹಿಡಿದುಕೊಂಡು ಎದ್ದು ನಿಂತ.

"ಅರ್ಧ ಇವಂದ್ರಿ ಸಾವಕಾರ್ರ" ಅಂದಳು ಗಂಗಾ. "ಅರ್ಧ ನಂದು. ಮೆತ್ತಗಿರ್ಲಿ ಅಂತ ಫೋಮ್ ಇಟ್ಟಾಕಿ ನಾನ. ನನ್ನ ಪಾಲು ನಾ ತಿಂದೀನಿ."

ರಾವಸಾಹೇಬರು ಕಟ್ಟೆಗೆ ಒರಗಿಸಿದ್ದ ಬಡಿಗೆ ಎತ್ತಿ ನನ್ನತ್ತ ಬಂದರು. ನಾನು ಕದಲಲಿಲ್ಲ. ಧೈರ್ಯದಿಂದಲ್ಲ, ಸಾಕಾಗಿತ್ತು. ಬಡಿಗೆ ಮೇಲೆದ್ದಿತು. ಅಷ್ಟರಲ್ಲಿ ಕಟ್ಟೆಯ ಕಡೆಯಿಂದ ಮುಚ್ಚಿದ ಹಲ್ಲುಗಳ ಹಿಂದಿನಿಂದ ಒಂದು ಸದ್ದು ಬಂತು. ಸಮೃದ್ಧಿ ಎರಡೂ ಅಂಗೈಯಿಂದ ದವಡೆ ಮುಚ್ಚಿಕೊಂಡು ತಾಯಿಯ ಹೊಟ್ಟೆಗೆ ಮುಖ ಹುದುಗಿಸುತ್ತಿದ್ದಳು. ಏಟು ತನಗೇ ಬೀಳುತ್ತದೆಂದು ತಿಳಿದಿದ್ದಳು.

ಬಡಿಗೆ ಕೆಳಗಿಳಿಯಿತು. ರಾವಸಾಹೇಬರು ಅದನ್ನು ನೆಲಕ್ಕೆ ಬಿಟ್ಟರು. ಆಮೇಲೆ ಗಂಗಾಳ ಕಣ್ಣ ಕೆಳಗಿನ ಇನ್ನೂ ಮಾಯದ ಗಾಯ ನೋಡಿದರು. ನೋಡಿ ತಲೆ ತಗ್ಗಿಸಿದರು.

"ಹೊಸಾ ಸೀಟು ಐತಿ" ಅಂದರು. "ನೀನ ಹಾಕು."

ಗಂಗಾ ಹಾಕಿದಳು. ನಾನು ಪುಸ್ತಕವನ್ನು ಮೊದಲ ಅಕ್ಷರದಿಂದ ಓದಿದೆ. ಶ್ರೇಣಿಕ ಪಕ್ಕದಲ್ಲಿ ನಿಂತು ಪ್ರತಿ ಸಾಲಿಗೂ ಬೆರಳಿಟ್ಟ. ಬೆಲ್ಟು, ಕೊಂಡಿ, ಹೆಗಲ ಪಟ್ಟಿಯ ಎತ್ತರ. ಅವಳು ಸೀಟನ್ನು ಹಿಡಿದು ಜಗ್ಗಿದರೆ ಕಾರೇ ಅಲುಗಾಡಿತು, ಸೀಟು ಅಲ್ಲಾಡಲಿಲ್ಲ. ಸ್ನೇಹಲ ಮಗುವನ್ನು ತಂದಳು.

ಸೀಟು ಕಂಡದ್ದೇ ಸಮೃದ್ಧಿ ಹುಚ್ಚು ಹಿಡಿದಂತೆ ಒದ್ದಾಡಿದಳು. ಬಾಯಿ ತೆರೆಯಲು ಬಾರದೆ ಗಂಟಲಲ್ಲೇ ಕಿರುಚಿದಳು. ಸ್ನೇಹಲ ಅಳುತ್ತ, "ತೊಡೀ ಮ್ಯಾಲೆ ಕುಂಡ್ರಿಸ್ಕೊಂಡ ಹೋಗ್ತೀನ್ರಿ, ಇವತ್ತೊಂದಿನ" ಅಂದಳು. "ಬ್ಯಾಡವ್ವ" ಎಂದು ಗಂಗಾ ಮಗುವನ್ನು ತೆಗೆದುಕೊಂಡು ಸೀಟಿಗೆ ಒತ್ತಿ ಕೂರಿಸಿದಳು. ಮಗು ಎರಡೂ ಮುಷ್ಟಿ ಕಟ್ಟಿ ಅವಳ ಮುಖಕ್ಕೆ ಹೊಡೆಯಿತು. ಗಾಯದ ಮೇಲೇ ಹೊಡೆಯಿತು. ಮತ್ತೆ ಮತ್ತೆ ಹೊಡೆಯಿತು. ಗಾಯ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಊರಿನ ಯಾವ ಗಂಡಸಿನ ಕೈಯನ್ನೂ ಅರ್ಧದಲ್ಲಿ ಹಿಡಿಯಬಲ್ಲ ಆ ಹೆಂಗಸು ಮುಖ ಹಿಂದಕ್ಕೆ ತೆಗೆಯಲಿಲ್ಲ. ಮಗುವಿನ ಕೈಗೆ ಮುಖ ಕೊಟ್ಟುಕೊಂಡೇ ಒಂದು ತೋಳು ಪಟ್ಟಿಯೊಳಗೆ ಹಾಕಿದಳು, ಇನ್ನೊಂದು ತೋಳು ಹಾಕಿದಳು, ಕೊಂಡಿ ಸಿಗಿಸಿದಳು, ಸಡಿಲು ಎಳೆದಳು.

"ಹೊಡೀ ನನ್ನವ್ವ, ಹೊಡೀ" ಅನ್ನುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಹೆಗಲ ಮೇಲಿನ ಪಟ್ಟಿಯನ್ನು ಚಿವುಟಿ ನೋಡಿದಳು. ಬೆರಳಿಗೆ ಸಿಗಲಿಲ್ಲ. ಹೊರಗೆ ಬಂದು ಬಾಗಿಲು ಹಾಕಿ, "ಈಗ ಹೋಗ್ರಿ" ಅಂದಳು.